ಬಲಗೈಯಲ್ಲಿ ಬಳೆ ಕಂಡ ದಿನ

ಆಗುವ ಮಾತೇ ಅಲ್ಲ ಎಂದು ನನಗೆ ಹೇಳಿದವರು ಇಬ್ಬರು. ಮೊದಲನೆಯವನು ನಮ್ಮ ಕಾಕಾ ಭೀಮಣ್ಣ. "ವಡ್ಡರ ಹುಡುಗಿ ಬಿ.ಎ. ಆದ್ರ ಈ ಮೀಸಿ ಬೋಳಿಸ್ತೀನಿ" ಅಂದಿದ್ದ, ಪುಣೆಯ ಬಿಬವೇವಾಡಿಯ ನಮ್ಮ ತಗಡಿನ ಮನೆಯ ಮುಂದೆ, ಓಣಿಯೆಲ್ಲ ಕೇಳುವಂತೆ. ಎರಡನೆಯವರು ನಾನು ದುಡಿದ ಸಂಗ್ರಹಾಲಯದ ಮುಖ್ಯಸ್ಥರು, ಕರ್ಮರ್ಕರ್ ಸಾಹೇಬರು. ನಮ್ಮಲ್ಲಿಂದ ಹೊರಗೆ ಹೋದ ಚಿತ್ರ ತಪ್ಪಾಗಿರುವುದು ಸಾಧ್ಯವೇ ಇಲ್ಲ ಎಂದಿದ್ದರು ಅವರು.

ಕಾಕಾನ ಮಾತು ಸುಳ್ಳಾದಾಗ ನನಗೆ ಖುಷಿಯಾಯಿತು. ಸಾಹೇಬರ ಮಾತು ಸುಳ್ಳಾದಾಗ ಗಾಬರಿಯಾಯಿತು. ಹಳೆಯ ಕ್ಯಾಮೆರಾ, ಹಳೆಯ ಕಟ್ಟಡಗಳ ಫೋಟೊ ಕಾಯುವ ಈ ಕೆಲಸಕ್ಕೆ ಈಗ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕೇಳುತ್ತಾರೆ: "ಮೇಡಂ, ಇದು ಶಾಂತವಾದ ಕೆಲಸ ಅಲ್ವಾ?" ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಲ್ಲಿನ ಕ್ವಾರಿಯಲ್ಲಿ ಸಿಡಿಮದ್ದು ಇಡುವಾಗಲೂ ನಾನು ಇಷ್ಟು ಗಾಬರಿಗೊಂಡಿರಲಿಲ್ಲ.

ನಮ್ಮದು ಯಾದಗಿರಿ ಕಡೆಯಿಂದ ಪುಣೆಗೆ ಬಂದ ಮನೆತನ. ಅಪ್ಪ ಕಲ್ಲು ಒಡೆದ, ಅವ್ವ ಬುಟ್ಟಿ ಹೊತ್ತಳು. ನಾನೂ ಹೊತ್ತೆ. ಹೊರುತ್ತಲೇ ಮರಾಠಿ ಶಾಲೆಗೆ ಹೋದೆ, ಸಂಜೆ ಕಾಲೇಜಿಗೆ ಹೋದೆ, ಇತಿಹಾಸದಲ್ಲಿ ಬಿ.ಎ. ಮುಗಿಸಿದೆ. ಕುಲದಲ್ಲಿ ಪದವಿ ಮಾಡಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಹೇಳದಿದ್ದರೆ ನಾಚಿಕೆ. ಕಾಕಾ ಮೀಸೆ ಬೋಳಿಸಲಿಲ್ಲ. "ದೀಪಾವಳಿ ಮುಂದದ, ಹಬ್ಬದಾಗ ಗಂಡಸಿಗೆ ಮೀಸಿ ಬೇಕಲಾ" ಅಂದ. ಪೇಢೆ ಮಾತ್ರ ಎರಡು ತಿಂದ.

ಸಂದರ್ಶನದಲ್ಲಿ ಸಾಹೇಬರು, "ಕಟ್ಟಡಗಳ ಬಗ್ಗೆ ನಿನಗೇನು ಗೊತ್ತು?" ಎಂದು ಕೇಳಿದರು. ಅವರ ಮಾತೆಲ್ಲ ಮರಾಠಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಕಟ್ಟಿದ್ದೀನಿ ಸಾಹೇಬ," ಎಂದೆ.

ಪಕ್ಕದಲ್ಲಿ ಕೂತವರು ನಕ್ಕರು. ಸಾಹೇಬರು ನಗಲಿಲ್ಲ. ಮರುವಾರ ಕೆಲಸಕ್ಕೆ ಕರೆದರು.

ಸೇರಿದ ಹೊಸದರಲ್ಲೇ ಮೊದಲ ಆಘಾತ. ಆಗಿನ ಕಾಲದ ಫೋಟೊಗಳ ನೆಗೆಟಿವ್ ಗಾಜಿನ ಮೇಲೆ ಇರುತ್ತಿತ್ತು. ಅಂಗೈಗಿಂತ ದೊಡ್ಡ ಗಾಜಿನ ತುಂಡು, ಒಂದು ಮುಖಕ್ಕೆ ರಾಸಾಯನಿಕದ ಲೇಪ. ಆ ಲೇಪದಲ್ಲೇ ಚಿತ್ರ. ನಾವು ಅದನ್ನು ಪ್ಲೇಟು ಎನ್ನುತ್ತೇವೆ. ನಮ್ಮ ಸಿಪಾಯಿ ಮಾಮಾ ಬಹಳ ಸ್ವಚ್ಛತೆಯ ಮನುಷ್ಯ. ಒಂದು ಬೆಳಿಗ್ಗೆ ಒಂದು ಪೆಟ್ಟಿಗೆ ಪ್ಲೇಟುಗಳನ್ನು ಸೋಪಿನ ನೀರಲ್ಲಿ ಉಜ್ಜಿ, ಒರೆಸಿ, ಸಾಲಾಗಿ ಬಿಸಿಲಿಗೆ ನಿಲ್ಲಿಸಿದ್ದ. "ನೋಡ್ರಿ ಸಾಹೇಬ, ಹೊಸ ಗಾಜು ಮಾಡಿಕೊಟ್ಟೆ!" ಸಾಹೇಬರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಅದರಲ್ಲಿದ್ದ ಅರಮನೆ ಇರಲಿಲ್ಲ. ಅಂಗಳದ ಮಾವಿನ ಮರ ಕಾಣುತ್ತಿತ್ತು. ಸಾಹೇಬರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಮಾಮಾ ಹೆದರಿ ನೀರು ತಂದುಕೊಟ್ಟ. ಪ್ಲೇಟು ತೊಳೆದ ಅದೇ ನಲ್ಲಿಯಿಂದ.

ಹಾಗೆಂದು ದೊಡ್ಡವರು ತಪ್ಪು ಮಾಡುತ್ತಿರಲಿಲ್ಲ ಎಂದುಕೊಳ್ಳಬೇಡಿ. ಹಳೆಯ ಕ್ಯಾಮೆರಾಕ್ಕೆ ಹಾರ್ಮೋನಿಯಂ ಪೆಟ್ಟಿಗೆಯಂತೆ ಹಿಗ್ಗಿ ಕುಗ್ಗುವ ಚರ್ಮದ ತಿದಿ ಇರುತ್ತದೆ. ಒಮ್ಮೆ ಯಾರೋ ದೊಡ್ಡ ಮನುಷ್ಯರು ನೋಡಲು ಬರುವವರಿದ್ದರು. ಚರ್ಮ ಹೊಳೆಯಬೇಕೆಂದು ಸ್ವತಃ ಸಾಹೇಬರೇ ಎಲ್ಲ ತಿದಿಗಳಿಗೂ ಕೊಬ್ಬರಿ ಎಣ್ಣೆ ಹಚ್ಚಿಸಿದರು. ಬಂದವರು ಬಹಳ ಮೆಚ್ಚಿದರು. ಅವರಿಗಿಂತ ಹೆಚ್ಚು ಮೆಚ್ಚಿದ್ದು ಜಿರಲೆಗಳು. ಮುಂದಿನ ಸಲ ಬೀರು ತೆಗೆದಾಗ ತಿದಿಗಳೆಲ್ಲ ಜರಡಿ. ಸಾಹೇಬರು ಒಂದರೊಳಗೆ ಬೆರಳು ತೂರಿಸಿ ಆ ಕಡೆಯಿಂದ ಬಂದ ತಮ್ಮ ಬೆರಳನ್ನೇ ನೋಡುತ್ತ ನಿಂತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಚರ್ಮಕ್ಕೆ ಏನನ್ನೂ ಹಚ್ಚಬೇಡಿ. ಮೃದುವಾದ ಕುಂಚದಿಂದ ಧೂಳು ಕೊಡವಿ, ಬಿಟ್ಟುಬಿಡಿ.

ಮೂರನೆಯ ಆಘಾತ ಬಾರಾಮತಿಯಲ್ಲಿ ಆದದ್ದು. ಅಲ್ಲಿ ಒಬ್ಬರ ಮನೆಯಲ್ಲಿ ತಾತನ ಕಾಲದ ಕ್ಯಾಮೆರಾ ಇದೆ, ಪ್ಲೇಟುಗಳೂ ಇವೆ ಎಂದು ಗೊತ್ತಾಗಿ ಸಾಹೇಬರೂ ನಾನೂ ಹೋದೆವು. ಆ ತಾತ ಊರೂರು ಸುತ್ತಿ ವಾಡೆ ಎನ್ನುವ ಸಿರಿವಂತರ ದೊಡ್ಡಮನೆ, ದೇವಸ್ಥಾನ, ಕೋಟೆಗಳ ಫೋಟೊ ತೆಗೆದವನು. ಮೊಮ್ಮಗ ಡೇರಿ ಇಟ್ಟುಕೊಂಡಿದ್ದ. ಕ್ಯಾಮೆರಾ ಕೊಟ್ಟ, ಪ್ಲೇಟು ಇಡುವ ಮರದ ಚೌಕಟ್ಟುಗಳನ್ನು ಕೊಟ್ಟ, ಒಂದು ಪೆಟ್ಟಿಗೆ ಪ್ಲೇಟು ಕೊಟ್ಟ. "ಇಷ್ಟೇನಾ?" ಎಂದು ಸಾಹೇಬರು ಕೇಳಿದರು. "ಉಳಿದವನ್ನು ಉಪಯೋಗಕ್ಕೆ ಹಾಕಿದ್ದೀವಿ" ಎಂದು ಆತ ಹಾಲು ಅಳೆಯುವ ಕೋಣೆಗೆ ಕರೆದೊಯ್ದ. ಕಿಟಕಿಯ ಗಾಜುಗಳೆಲ್ಲ ಪ್ಲೇಟುಗಳು! ಬಿಸಿಲು ಬೀಳುತ್ತಿತ್ತು, ಕ್ಯಾನುಗಳ ಮೇಲೆ, ಹಾಲಿನ ನೊರೆಯ ಮೇಲೆ ಗುಡಿಗೋಪುರದ ನೆರಳು ಬಿದ್ದಿತ್ತು.

ನಾನು ಒಳಗಿನಿಂದ ನೋಡಿದೆ. ಒಂದು ಗಾಜಿನಲ್ಲಿ ದೇವಸ್ಥಾನದ ದೀಪಮಾಲೆಯ ಕಂಬ ಗುಡಿಯ ಎಡಕ್ಕಿತ್ತು. ಹೊರಗೆ ಹೋಗಿ ನೋಡಿದೆ. ಅದೇ ಕಂಬ ಬಲಕ್ಕೆ. ಗಾಜಿಗೆ ಎರಡು ಮುಖ, ಎರಡರಿಂದಲೂ ಚಿತ್ರ ಸರಿಯಾಗಿಯೇ ಕಾಣುತ್ತದೆ, ನಿಜ ಒಂದೇ. ಪುಸ್ತಕ ಕಲಿಸದ್ದನ್ನು ಆ ಡೇರಿಯ ಕಿಟಕಿ ಕಲಿಸಿತು.

ಅಲ್ಲಿಂದ ತಂದ ಪೆಟ್ಟಿಗೆಯಲ್ಲೇ ಆ ಚಿತ್ರ ಸಿಕ್ಕಿದ್ದು. ಪುಣೆಯ ಹಳೆಯ ಪೇಟೆಯೊಂದರ ವಾಡೆಯ ಮುಂಭಾಗ. ನಡುವೆ ದೊಡ್ಡ ಬಾಗಿಲು, ಮೇಲೆ ಗೋಡೆಯಿಂದ ಮುಂದಕ್ಕೆ ಚಾಚಿದ ಮರದ ಸಜ್ಜೆ. ಬಾಗಿಲ ಮುಂದೆ, ಕ್ಯಾಮೆರಾಕ್ಕೆ ಹತ್ತಿರದಲ್ಲಿ, ತಲೆಯ ಮೇಲೆ ಬುಟ್ಟಿ ಹೊತ್ತ ಕೂಲಿ ಹೆಂಗಸು. ಕುಪ್ಪಸವಿಲ್ಲ, ಸೆರಗು ಟೊಂಕಕ್ಕೆ ಬಿಗಿದಿದ್ದಾಳೆ, ನೇರ ನಮ್ಮನ್ನೇ ನೋಡುತ್ತಿದ್ದಾಳೆ. ವಿಚಿತ್ರವೆಂದರೆ ವಾಡೆ ತುಸು ಮಂಜು. ಹೆಂಗಸು ಮಾತ್ರ ಸೂಜಿಯ ಮೊನೆಯಷ್ಟು ಸ್ಪಷ್ಟ.

ಸಾಹೇಬರಿಗೆ ಅದು ಪ್ರಾಣ. ಯಾರೇ ಬಂದರೂ ಅದರ ಮುಂದೆ ನಿಲ್ಲಿಸಿ ಹೇಳುವರು: "ನೋಡಿ, ವಾಡೆಯ ಫೋಟೊ ತೆಗೆಯಲು ಹೋದವನು ಶ್ರೀಮಂತನ ಬಾಗಿಲನ್ನು ಮಂಜು ಮಾಡಿ, ಕೂಲಿ ಹೆಂಗಸನ್ನು ಸ್ಪಷ್ಟ ಮಾಡಿದ. ಆ ಕಾಲದಲ್ಲಿ! ಎಂಥ ಕಣ್ಣು, ಎಂಥ ಮನಸ್ಸು!" ನನಗೂ ಅದು ಪ್ರಾಣವೇ. ಅವಳ ನಿಲುವು, ಕತ್ತಿನ ನರ, ಎಲ್ಲ ನಮ್ಮ ಅಜ್ಜಿಯದು. ನಮ್ಮ ಮಂದಿ ಕಟ್ಟಿದ ಕಟ್ಟಡಗಳ ಫೋಟೊ ನಮ್ಮಲ್ಲಿ ಬೀರುಗಟ್ಟಲೆ ಇದ್ದವು; ನಮ್ಮ ಮಂದಿ ಇದ್ದದ್ದು ಇದೊಂದರಲ್ಲೇ. ಒಬ್ಬನಾದರೂ ನೋಡಿದನಲ್ಲ ಎಂಬ ಸಮಾಧಾನ. ಬೇಸರವಾದ ದಿನ ಹೋಗಿ ಅವಳ ಮುಂದೆ ನಿಲ್ಲುತ್ತಿದ್ದೆ.

ವರ್ಷಗಳು ಹೋದವು, ವಿಧಾನಗಳು ಬದಲಾದವು. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸುವುದನ್ನು ಬಿಟ್ಟು ಅಡುಗೆಮನೆಯ ತಟ್ಟೆಗಳಂತೆ ನಿಲ್ಲಿಸಿಡಲು ಕಲಿತೆವು. ಹತ್ತಿಯ ಕೈಗವಸಿನಿಂದ ಗಾಜು ಜಾರುತ್ತದೆಂದು ರಬ್ಬರಿನದು ಬಂತು. ಕತ್ತಲೆ ಕೋಣೆ ಹೋಗಿ ಸ್ಕ್ಯಾನರ್ ಬಂತು. ಹೊಸಬರಿಗೆ ನಾನು ತಪ್ಪದೆ ಕಲಿಸುತ್ತಿದ್ದ ಪಾಠಗಳು ಎರಡು. ಒಂದು, ಪ್ಲೇಟಿನ ಲೇಪದ ಮುಖ ಯಾವುದೆಂದು ತಿಳಿಯಲು ಮೂಲೆಗೆ ಮೆಲ್ಲಗೆ ಉಸಿರು ಬಿಡುವುದು. ಬರಿ ಗಾಜಾದರೆ ಹಬೆ ಕಟ್ಟುತ್ತದೆ, ಲೇಪವಾದರೆ ಕಟ್ಟುವುದಿಲ್ಲ. ಲೇಪದ ಕಡೆಯಿಂದ ಮುದ್ರಿಸಿದರೆ ಚಿತ್ರ ಸರಿ ಬರುತ್ತದೆ, ತಿರುವಿಟ್ಟರೆ ಎಡಬಲ ಅದಲುಬದಲು.

ಎರಡನೆಯದು ಕ್ಯಾಮೆರಾದ ಹಿಂಬದಿಯ ಮಸುಕು ಗಾಜಿನದು. ಫೋಟೊದವನು ಕರಿಬಟ್ಟೆ ಹೊದ್ದು ಆ ಗಾಜಿನ ಮೇಲೆ ಬಿಂಬ ನೋಡಿ ಸ್ಪಷ್ಟತೆ ಸರಿಮಾಡಿಕೊಳ್ಳುತ್ತಿದ್ದ. ಆಮೇಲೆ ಅದೇ ಜಾಗದಲ್ಲಿ ಪ್ಲೇಟು ಇಡುತ್ತಿದ್ದ. ಒರೆಸಿ ಮರಳಿ ಕೂರಿಸುವಾಗ ಅದರ ಒರಟು ಮುಖ ಲೆನ್ಸಿನ ಕಡೆಗೇ ಇರಬೇಕು. ತಿದಿ ಸರಿಸದೆ ಅದನ್ನಷ್ಟೇ ತಿರುವು ಮುರುವು ಮಾಡಿದರೆ ಗಾಜಿನ ದಪ್ಪದಷ್ಟು ಲೆಕ್ಕ ತಪ್ಪಿ, ಅದರ ಮೇಲೆ ದೂರದ್ದು ಮಂಜಾಗಿ ಹತ್ತಿರದ್ದು ಸ್ಪಷ್ಟವಾಗುತ್ತದೆ. ಇದನ್ನು ನಾನು ಎಷ್ಟೋ ಮಂದಿಗೆ ಹೇಳಿದ್ದೆ. ಹೇಳುತ್ತಿದ್ದಾಗ ನನ್ನ ಬೆನ್ನ ಹಿಂದಿನ ಗೋಡೆಯ ಮೇಲೆ ಅದೇ ಚಿತ್ರ ತೂಗುತ್ತಿತ್ತು.

ಸಾಹೇಬರು ನಿವೃತ್ತಿಯಾಗುವ ವರ್ಷ ಆ ವಾಡೆಯನ್ನು ಮೊದಲಿನ ರೂಪಕ್ಕೆ ತರಲು ಅದರ ಟ್ರಸ್ಟಿನವರು ಹೊರಟರು. ಕೆಲಸ ವಹಿಸಿಕೊಂಡವನು ಚೇತನ್ ಎಂಬ ಆರ್ಕಿಟೆಕ್ಟ್, ಮೈಸೂರಿನ ಹುಡುಗ. ಸಾಹೇಬರು ಚಿತ್ರದ ಪ್ರತಿಯನ್ನೂ, ಇದು ಮೂಲ ಪ್ಲೇಟಿಗೆ ನಿಷ್ಠವಾಗಿದೆ ಎಂಬ ಪ್ರಮಾಣಪತ್ರವನ್ನೂ ಕೊಟ್ಟರು.

ಅದಾದ ಕೆಲ ದಿನಕ್ಕೆ ಮೈತುಂಬ ಹಿಟ್ಟು ಮೆತ್ತಿಕೊಂಡ ಒಬ್ಬ ಹೆಂಗಸು ನಮ್ಮ ಕಚೇರಿಗೆ ನುಗ್ಗಿದರು. ವಾಡೆಯ ಬಾಗಿಲ ಎಡಬದಿಯ ಕೋಣೆಯಲ್ಲಿ ಹಿಟ್ಟಿನ ಗಿರಣಿ ನಡೆಸುವ ತಾರಾಬಾಯಿ. ಸೋಲಾಪುರದವರು, ಮನೆಮಾತು ಕನ್ನಡ.

"ಫೋಟೋದ ಆಫೀಸು ಇದಾ ಏನ್ರಿ? ನನ್ನ ಖೋಲಿ ಇಲ್ಲಾ ಅಂತ ಬರದುಕೊಟ್ಟವರು ಯಾರ್ರಿ ಇಲ್ಲಿ?"

ಕೂರಿಸಿ, ನೀರು ಕೊಟ್ಟು ಕೇಳಿದೆ. ಈಗ ವಾಡೆಯ ಬಾಗಿಲಿನ ಎರಡು ಕಡೆಗೂ ಒಂದೊಂದು ಕೋಣೆ ಇದೆ. ಎಡಗಡೆಯದು ತಾರಾಬಾಯಿಯದು, ಬಲಗಡೆಯದು ಟ್ರಸ್ಟಿನ ಉಗ್ರಾಣ. ನಮ್ಮ ಚಿತ್ರದಲ್ಲಿ ಕೋಣೆ ಇರುವುದು ಬಲಕ್ಕೆ ಮಾತ್ರ. ಎಡಕ್ಕೆ ಬರಿ ಗೋಡೆ. ಹಾಗಾಗಿ ಗಿರಣಿಯ ಕೋಣೆ ಆಮೇಲೆ ಯಾರೋ ಎಬ್ಬಿಸಿದ್ದು, ಕೆಡವಬೇಕು ಎಂದು ಟ್ರಸ್ಟು ನಿರ್ಧರಿಸಿತ್ತು.

"ನಮ್ಮ ಅತ್ತಿ ಅಲ್ಲೇ ಬೀಸಿದಾಕಿ, ಅವರ ಅತ್ತಿನೂ ಅಲ್ಲೇ. ನನ್ನ ಗಂಡ ಸತ್ತದ್ದೂ ಅದೇ ಖೋಲ್ಯಾಗ. ಈಗ ಒಂದು ಫೋಟೋ ತೋರಿಸಿ, ಬಾಈ, ನೀ ಇಲ್ಲೇ ಇರಲೇ ಇಲ್ಲ ಅಂದ್ರ? ನಾ ಭೂತ ಏನ್ರಿ?"

"ಚಿತ್ರದಾಗ ಇದ್ದದ್ದು ನಾವು ಹೇಳ್ತೀವ್ರಿ, ತಾರಾಬಾಯಿ" ಎಂದೆ.

"ಹಂಗಾದ್ರ ಬಂದು ನೋಡಿ ಹೇಳ್ರಿ. ಚಿತ್ರದಾಗ ಕುಂತು ಬ್ಯಾಡ."

ಮರುದಿನ ಹೋದೆ. ಕೆಡವುವ ಕೆಲಸದ ಮುಂದೆ ಜನ ನೋಡಲೆಂದು ಆ ಚಿತ್ರವನ್ನು ಗೋಡೆಯೆತ್ತರ ಹಿಗ್ಗಿಸಿ ಬಟ್ಟೆಯ ಫಲಕ ಮಾಡಿ, ಗಿರಣಿಯ ಪಕ್ಕಕ್ಕೇ ಕಟ್ಟಿದ್ದರು. ಕಚೇರಿಯಲ್ಲಿ ನಾನು ನೋಡುತ್ತಿದ್ದದ್ದು ಪುಸ್ತಕದ ಹಾಳೆಯಷ್ಟು. ಇಲ್ಲಿ ಅವಳು ನನ್ನಷ್ಟೇ ಎತ್ತರ ನಿಂತಿದ್ದಳು. ನಮಸ್ಕಾರ ಮಾಡಬೇಕೆನಿಸಿತು. ಕೈ ಎತ್ತಿದೆ. ಅವಳ ಕೈ ನೋಡಿದೆ.

ಬಲಗೈ ತುಂಬ ಗಾಜಿನ ಬಳೆ. ಎಡಗೈ ಬೋಳು.

ನಮ್ಮ ಮಂದಿಯ ಹಳೆಯ ಹೆಂಗಸರು ಗಾಜಿನ ಬಳೆ ಇಡುವುದು ಎಡಗೈಗೆ ಮಾತ್ರ. ಅಜ್ಜಿ ಹಾಗೆಯೇ ಇಟ್ಟಳು, ಅವ್ವ ಇವತ್ತಿಗೂ ಹಾಗೆಯೇ ಇಡುತ್ತಾಳೆ. "ಬಲಗೈ ಕೆಲಸದ್ದು, ಅದಕ್ಕ ಗಾಜ್ಯಾಕ?" ಎನ್ನುತ್ತಾಳೆ. ಬಲಗೈಗೆ ಬಳೆ ಇಟ್ಟು ಎಡಗೈ ಬೋಳು ಬಿಟ್ಟ ಒಬ್ಬ ಮುದುಕಿಯನ್ನೂ ನಾನು ಕಂಡಿಲ್ಲ. ಹಾಗಾದರೆ ಈ ಹೆಂಗಸು ತಿರುವಿದ್ದಾಳೆ. ಅವಳು ತಿರುವಿದ್ದರೆ ವಾಡೆಯೂ ತಿರುವಿದೆ. ಬಲಕ್ಕೆ ಕಾಣುವ ಕೋಣೆ ನಿಜದಲ್ಲಿ ಎಡಕ್ಕಿದೆ. ಅದು ತಾರಾಬಾಯಿಯ ಗಿರಣಿ!

ಚೇತನ್ ಅಲ್ಲೇ ಇದ್ದ. ಹೇಳಿದೆ.

"ಮೇಡಂ, ಫ್ಲಿಪ್ ಆಗಿದ್ರೆ ನಮಗೆ ಗೊತ್ತಾಗ್ತಿತ್ತಲ್ವಾ?" ಎಂದ. "ನಾನು ಇಡೀ ಫ್ರಂಟ್ ಅಳತೆ ತಗೊಂಡಿದೀನಿ, ಎಲ್ಲಾ ಮ್ಯಾಚ್ ಆಗತ್ತೆ."

"ಎಡಬಲ ಒಂದೇ ಥರ ಇರೋ ಕಟ್ಟಡ ಹ್ಯಾಂಗ ತಿರುವಿದ್ರೂ ಮ್ಯಾಚ್ ಆಗತದ, ಚೇತನ್."

ಅವನು ಫಲಕ ನೋಡಿದ, ವಾಡೆ ನೋಡಿದ, ಮತ್ತೆ ಫಲಕ ನೋಡಿದ. ಬಾಗಿಲು ನಟ್ಟನಡುವೆ. ಎರಡು ಕಡೆಯ ಕೆತ್ತನೆ ಒಂದೇ. ಉತ್ತರಕ್ಕೆ ಮುಖ, ಮೋಡದ ದಿನ, ನೆರಳಿಲ್ಲ. ಅಕ್ಷರವಿಲ್ಲ. ಬಾಗಿಲ ಮೇಲಿನ ಗಣಪತಿಯ ಸೊಂಡಿಲು ಯಾವ ಕಡೆಗಿದೆ ನೋಡೋಣವೆಂದರೆ ಚಿತ್ರದಲ್ಲಿ ಮಂಜು, ಬಾಗಿಲ ಮೇಲೆ ತಲೆತಲಾಂತರದ ಸಿಂಧೂರ. "ಓ ಗಾಡ್," ಎಂದು ಅವನು ತಾರಾಬಾಯಿಯ ಗೋಧಿ ಚೀಲದ ಮೇಲೆ ಕೂತುಬಿಟ್ಟ.

"ಏಳೋ, ಗಿರಾಕೀದು ಅದು" ಎಂದರು ತಾರಾಬಾಯಿ.

ಓಡುತ್ತ ಕಚೇರಿಗೆ ಬಂದೆ. ಸಾಹೇಬರಿಗೆ ಹೇಳಿದೆ. ಅವರು ಹೇಳಿದ್ದು ಆಗಲೇ: ಸಾಧ್ಯವೇ ಇಲ್ಲ. ಸಿಟ್ಟಿನಿಂದ ಪ್ಲೇಟನ್ನು ತಾವೇ ತೆಗೆದು ಮೇಜಿನ ಮೇಲಿಟ್ಟರು. "ಉಸಿರು ಬಿಡು."

ಬಿಟ್ಟೆ. ಲೇಪದ ಮುಖ ಯಾವುದಿರಬೇಕೋ ಅದೇ. ಮುದ್ರಿಸಿದ್ದೂ ಅದೇ ಮುಖದಿಂದ. ನಮ್ಮ ಪದ್ಧತಿಯ ಪ್ರಕಾರ ಚಿತ್ರ ನೂರಕ್ಕೆ ನೂರು ಸರಿ.

"ನೋಡಿದೆಯಾ ದುರ್ಗಾಬಾಯಿ? ಗಾಜು ಹೇಳುತ್ತಿದೆ. ಬಳೆ ಬಳೆ ಅಂತೀಯ. ಒಬ್ಬಳು ಇನ್ನೊಂದು ಕೈಗೆ ಹಾಕಿಕೊಂಡಿರಬಹುದು. ಟ್ರಸ್ಟಿನವರ ಮುಂದೆ ಬಳೆ ತೋರಿಸಲಾ ನಾನು?"

ಉಸಿರಿನ ಪರೀಕ್ಷೆ ನಾನೇ ಕಲಿಸಿದ್ದು. ಅದು ಒಂದು ಹೇಳುತ್ತಿತ್ತು, ಅವ್ವನ ಕೈ ಇನ್ನೊಂದು ಹೇಳುತ್ತಿತ್ತು. ಗೋಡೆಯ ಮೇಲಿನ ಚಿತ್ರದ ಮುಂದೆ ಹೋಗಿ ನಿಂತೆ. ಮಂಜು ವಾಡೆ, ಸ್ಪಷ್ಟ ಹೆಂಗಸು. ದೂರದ್ದು ಮಂಜು, ಹತ್ತಿರದ್ದು ಸ್ಪಷ್ಟ.

ಆಗ ಹೊಳೆಯಿತು.

ತಪ್ಪು ನಮ್ಮಲ್ಲಿ ಆದದ್ದಲ್ಲ. ಫೋಟೊ ತೆಗೆದ ದಿನವೇ ಆದದ್ದು. ಕತ್ತಲಲ್ಲಿ ಪ್ಲೇಟನ್ನು ಚೌಕಟ್ಟಿಗೆ ಸೇರಿಸುವಾಗ ಲೇಪದ ಮುಖ ಹಿಂದಕ್ಕೆ ಹೋಗಿದೆ. ಬೆಳಕು ಗಾಜನ್ನು ಹಾದು ಹಿಂದಿನಿಂದ ಲೇಪ ಮುಟ್ಟಿದೆ. ಹಾಗಾಗಿ ನಾವು ಎಷ್ಟೇ ನಿಯಮದಂತೆ ಮುದ್ರಿಸಿದರೂ ಎಡಬಲ ತಿರುವು. ಜೊತೆಗೆ, ನಾನು ಹೊಸಬರಿಗೆ ಹೇಳುತ್ತಿದ್ದೆನಲ್ಲ, ಅದೇ ಗಾಜಿನ ದಪ್ಪ: ಅವನು ಸ್ಪಷ್ಟ ಮಾಡಿಕೊಂಡದ್ದು ವಾಡೆಯನ್ನು, ಸ್ಪಷ್ಟತೆ ಜಾರಿ ಮುಂದೆ ನಿಂತಿದ್ದವಳ ಮೇಲೆ ಬಿತ್ತು. ಮೋಡದ ದಿನವೆಂದು ಲೆನ್ಸನ್ನು ಪೂರ್ತಿ ತೆರೆದಿದ್ದ. ಅದಕ್ಕೇ ಅಷ್ಟು ಎದ್ದು ಕಂಡಿತು.

ಅಂದರೆ ಅವನು ಅವಳನ್ನು ನೋಡಲೇ ಇಲ್ಲ. ಎಂಥ ಕಣ್ಣೂ ಇಲ್ಲ, ಎಂಥ ಮನಸ್ಸೂ ಇಲ್ಲ. ಕೆಲಸದ ಹೆಂಗಸು ಅಡ್ಡ ಬಂದಿದ್ದಳು, ಅಷ್ಟೇ.

ಆವತ್ತು ಬಸ್ಸಿನಲ್ಲಿ ಬಿಬವೇವಾಡಿಗೆ ಬರುವಾಗ ನನ್ನ ನಿಲ್ದಾಣ ದಾಟಿ ಹೋದದ್ದೂ ತಿಳಿಯಲಿಲ್ಲ. ಬಾಯಿಬಿಟ್ಟರೆ ತಾರಾಬಾಯಿಯ ಕೋಣೆ ಉಳಿಯುತ್ತದೆ. ನಾನು ಇಷ್ಟು ಕಾಲ ನಂಬಿ ಬದುಕಿದ ಒಂದು ಮಾತು ಹೋಗುತ್ತದೆ. ಬಾಯಿ ಬಿಡದಿದ್ದರೆ ಚಿತ್ರದವಳನ್ನು ನೋಡಿದವನೊಬ್ಬ ಉಳಿಯುತ್ತಾನೆ. ತಾರಾಬಾಯಿ ಬೀದಿಗೆ ಬೀಳುತ್ತಾರೆ. ಮನೆಗೆ ಬಂದು ಅವ್ವನ ಮುಂದೆ ಎಲ್ಲ ಹೇಳಿದೆ. ಅವ್ವ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಆ ಹಿಟ್ಟಿನಾಕಿ ಖೋಲಿ ಯಾವಾಗ ಕೆಡವತಾರಂತ?"

"ಬರೋ ಸೋಮವಾರ."

"ಮತ್ತ ಇಲ್ಲ್ಯಾಕ ಕುಂತಿ?"

ಮರುದಿನ ಸಾಹೇಬರ ಕೋಣೆಗೆ ಹೋಗಿ, ಬಾರಾಮತಿಯಿಂದ ತಂದ ಕ್ಯಾಮೆರಾವನ್ನು ವಾಡೆಗೆ ಒಯ್ಯಬೇಕು ಎಂದೆ. ಯಾಕೆಂದು ಹೇಳಿದೆ. ಅವರ ಮುಖ ನೋಡಲಾಗಲಿಲ್ಲ. ಅವರು ಹೇಳಿಕೊಂಡು ಬಂದ ಕಥೆಯೂ ಅದೇ ಅಲ್ಲವೇ? "ಆಗುವ ಮಾತಲ್ಲ ಇದು" ಎಂದರು, ಈ ಸಲ ಮೆಲ್ಲಗೆ. ಆಮೇಲೆ ಬೀಗದ ಕೈ ತೆಗೆದು ಕೊಟ್ಟರು. "ಕ್ಯಾಮೆರಾ ನಾನೇ ಹಿಡಿದುಕೊಳ್ತೀನಿ. ನೀನು ಕಾಲು ಹಿಡಿದುಕೋ." ಕ್ಯಾಮೆರಾದ ಮುಕ್ಕಾಲಿಯ ಕಾಲು ಎಂದು ನನಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಇಬ್ಬರೂ ನಕ್ಕೆವು.

ವಾಡೆಯ ಮುಂದೆ ಕ್ಯಾಮೆರಾ ನಿಲ್ಲಿಸಿದೆವು. ಚಿತ್ರ ಹಿಡಿದುಕೊಂಡು ಹಿಂದೆ ಮುಂದೆ ಸರಿದು, ಸಜ್ಜೆ ಅಷ್ಟೇ ಕಾಣುವ ಜಾಗವನ್ನು ಚೇತನ್ ಗುರುತಿಸಿದ. ಟ್ರಸ್ಟಿನ ಇಬ್ಬರು ಹಿರಿಯರೂ ಬಂದಿದ್ದರು. ಆ ಹೆಂಗಸು ನಿಂತ ಜಾಗದಲ್ಲಿ ಯಾರಾದರೂ ನಿಲ್ಲಬೇಕಿತ್ತು. ಅವ್ವನನ್ನು ಕರೆದುಕೊಂಡು ಬಂದಿದ್ದೆ.

"ಅಜ್ಜಿ, ಸ್ವಲ್ಪ ಅಲ್ಲಾಡದೆ ನಿಂತ್ಕೋತೀರಾ?" ಎಂದ ಚೇತನ್.

"ಗಿಡ ಅಲ್ಲಾಡತದ, ನಾ ಅಲ್ಲಾಡಂಗಿಲ್ಲ. ನೀ ಕೆಲಸ ನೋಡು."

ತಾರಾಬಾಯಿ ಒಳಗಿನಿಂದ ಹಿಟ್ಟಿನ ಬುಟ್ಟಿ ತಂದು, "ಖಾಲಿ ತಲಿ ಚಂದ ಕಾಣಂಗಿಲ್ರಿ ಅವ್ವಾ" ಎಂದು ಅವ್ವನ ತಲೆಯ ಮೇಲಿಟ್ಟರು. ಅವ್ವ ಕತ್ತು ನೆಟ್ಟಗೆ ಮಾಡಿದಳು.

ಸಾಹೇಬರು ಕರಿಬಟ್ಟೆ ಹೊದ್ದು, ವಾಡೆಯ ಬಾಗಿಲಿನ ಕೆತ್ತನೆ ಕಡೆದಿಟ್ಟಷ್ಟು ಸ್ಪಷ್ಟವಾಗುವವರೆಗೆ ತಿದಿ ಸರಿಸಿದರು. ಮಸುಕು ಗಾಜಿನ ಮೇಲೆ ಎಲ್ಲ ತಲೆಕೆಳಗು: ಮೇಲೆ ನೆಲ, ಕೆಳಗೆ ಸಜ್ಜೆ, ನಡುವೆ ಮಂಜುಮಂಜಾಗಿ ಅವ್ವ. "ಹೀಗೆ ತೆಗೆದಿದ್ದಾನೆ," ಎಂದರು. "ಹೌದು ಸಾಹೇಬ, ಹೀಗೇ ತೆಗೆಯಬೇಕು ಅಂತಿದ್ದ," ಎಂದೆ. ಆಮೇಲೆ ನಾನು ತಿದಿ ಮುಟ್ಟದೆ ಮಸುಕು ಗಾಜನ್ನು ಮಾತ್ರ ಬಿಚ್ಚಿ, ಹೇಗೆ ಮಾಡಬೇಡಿ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆನೋ ಹಾಗೆಯೇ, ತಿರುವಿ ಹಾಕಿದೆ. ತಿರುವಿ ಹಾಕಿದ ಪ್ಲೇಟು ಹೇಗೆ ನೋಡುತ್ತದೋ ಹಾಗೆ ನೋಡಲು.

ಸಾಹೇಬರು ಮತ್ತೆ ಬಟ್ಟೆಯೊಳಗೆ ತಲೆ ಹಾಕಿದರು. ಹೊರಗೆ ನಾವೆಲ್ಲ ಕಾಯುತ್ತಿದ್ದೆವು. ಬಟ್ಟೆ ಅಲುಗಲಿಲ್ಲ.

"ಕಾಯ್ ಝಾಲಂ, ಸಾಹೇಬ?" ಎಂದು ಟ್ರಸ್ಟಿನ ಹಿರಿಯರು ಕೇಳಿದರು, ಏನಾಯಿತು ಎಂದು.

ಸಾಹೇಬರು ಹೊರಬಂದರು. ಬಟ್ಟೆಯನ್ನು ಆ ಹಿರಿಯರಿಗೆ ಹಿಡಿದರು. ಒಬ್ಬೊಬ್ಬರಾಗಿ ನೋಡಿದರು. ಕೊನೆಗೆ ನಾನೂ ನೋಡಿದೆ. ವಾಡೆ ಮಂಜು. ಅವ್ವ ಸೂಜಿಯ ಮೊನೆಯಷ್ಟು ಸ್ಪಷ್ಟ. ಎಡಗೈಯ ಬಳೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಅದೇ ಚಿತ್ರ. ಅದೇ!

"ಹಾಗಾದರೆ ಇಷ್ಟು ವರ್ಷ ಜನರಿಗೆ ನಾನು ಹೇಳಿದ್ದೇನು?" ಎಂದರು ಸಾಹೇಬರು, ಯಾರನ್ನೂ ಕೇಳದೆ.

ಟ್ರಸ್ಟಿನವರಿಗೆ ಇನ್ನೂ ಅನುಮಾನ. ಚೇತನ್ ಉಗ್ರಾಣದ ಗೋಡೆಯ ಬುಡದಲ್ಲಿ ಗಾರೆ ಕೆರೆದ. ಒಳಗೆ ಸಿಮೆಂಟು. ಗಿರಣಿಯ ಗೋಡೆ ಕೆರೆದ. ಒಳಗೆ ಸುಣ್ಣದ ಗಾರೆ, ವಾಡೆಯ ಗೋಡೆಯೊಂದಿಗೆ ಬೆಸೆದುಕೊಂಡ ಕಲ್ಲು. "ಇದನ್ನ ಮೊದ್ಲೇ ಕೆರೆದು ನೋಡ್ಬೇಕಿತ್ತು ನಾನು," ಎಂದ. "ಫೋಟೊ ಇದೆ ಅಂತ ಯಾರೂ ಗೋಡೆ ನೋಡ್ಲಿಲ್ಲ." ಹಿರಿಯರಲ್ಲಿ ಒಬ್ಬರು ಉಗ್ರಾಣದ ಕಡೆ ನೋಡಿ, ಹಾಗಾದರೆ ಕೆಡವಬೇಕಾದ್ದು ನಮ್ಮದೇ ಎಂದು ಗೊಣಗಿಕೊಂಡರು.

ಹಳೆಯ ಪ್ರಮಾಣಪತ್ರ ರದ್ದಾಯಿತು. ಹೊಸದನ್ನು ಸಾಹೇಬರು ಟೈಪು ಮಾಡಿಸಿದರು: ಮೂಲ ಪ್ಲೇಟು ಕ್ಯಾಮೆರಾದಲ್ಲೇ ತಿರುವಾಗಿ ಇಡಲ್ಪಟ್ಟಿದ್ದು, ಬಾಗಿಲ ಎಡಬದಿಯ ಕೋಣೆ ಚಿತ್ರ ತೆಗೆದ ಕಾಲಕ್ಕೇ ಇದ್ದದ್ದು. ಸಹಿಯ ಜಾಗ ಖಾಲಿ ಬಿಟ್ಟು ನನ್ನ ಕಡೆ ಸರಿಸಿದರು. "ನಾನು ಹಾಕಿದ ಸಹಿ ಒಂದು ತಪ್ಪಾಯಿತು. ಇದಕ್ಕೆ ನೀನು ಹಾಕು. ಬಿ.ಎ. ಅಂತ ಸೇರಿಸು." ಸೇರಿಸಿದೆ. ಅಕ್ಷರ ದೊಡ್ಡದಾಗಿಯೇ ಬಂತು.

ಅದನ್ನು ಕೊಡಲು ಗಿರಣಿಗೆ ಹೋದಾಗ ಅವ್ವನೂ ಬಂದಳು. ತಾರಾಬಾಯಿ ಗಿರಣಿ ನಿಲ್ಲಿಸಿ, ಕೈ ಒರೆಸಿಕೊಂಡು, ಎರಡೂ ಕೈ ಚಾಚಿ ಪ್ರಮಾಣಪತ್ರ ತೆಗೆದುಕೊಂಡರು. ಒರೆಸಿದರೂ ಅಂಚಿಗೆ ಹಿಟ್ಟು ಹತ್ತಿತು. ಓದಲಿಲ್ಲ. ಹಣೆಗೆ ಒತ್ತಿಕೊಂಡರು, ಗೋಡೆಗೆ ಒತ್ತಿ ಹಿಡಿದರು, ಗೋಡೆಗೇ ಓದಿಸುವವರಂತೆ.

ಹೊರಗೆ ಫಲಕ ಇನ್ನೂ ಇತ್ತು. ಈ ಸಲ ತಿರುವಿ ಮುದ್ರಿಸಿದ್ದು: ಎಡಕ್ಕೆ ಗಿರಣಿಯ ಕೋಣೆ, ಅವಳ ಎಡಗೈಯಲ್ಲಿ ಬಳೆ. ಎಲ್ಲ ಸರಿಯಾಗಿತ್ತು. ಆದರೂ ಮೊದಲಿನಂತೆ ನನಗೆ ಅವಳ ಮುಂದೆ ನಿಲ್ಲಲು ಆಗಲಿಲ್ಲ. "ಅಂವ ಅಕಿನ್ನ ನೋಡೇ ಇಲ್ಲವಾ" ಎಂದೆ ಅವ್ವನಿಗೆ. ಸೆರಗಿನಿಂದ ಕಣ್ಣೊರೆಸಿಕೊಂಡೆ.

ಅವ್ವ ಫಲಕದ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು.

"ಅಂವ ನೋಡ್ಲಿಲ್ಲ ಅಂತ ನೀ ಯಾಕ ಅಳ್ತಿ? ಅಕಿ ನೋಡ್ಯಾಳಲ್ಲ ಅವನ್ನ. ತಲಿ ಮ್ಯಾಲಿನ ಭಾರ ಇಳಸದ, ಕಣ್ಣು ಪಿಳಿಕಿಸದ ನಿಂತು ನೋಡ್ಯಾಳ."